ನೂರ ಹದಿನೇಳನೇ ಅಕ್ಷರ

ಮಾರ್ಚ್ 3, ಸೋಮವಾರ

ಆಫೀಸಿನಲ್ಲಿ ನಿಜ ಹೇಳುವಂತಿಲ್ಲ, ಮನೆಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಈ ನೋಟ್‌ಬುಕ್ಕು.

ನನ್ನ ಐದು ವರ್ಷದ ತಾತ್ಕಾಲಿಕ ನೇಮಕ ಜೂನ್ ಕೊನೆಗೆ ಮುಗಿಯುತ್ತದೆ. ಏಪ್ರಿಲ್ 11ಕ್ಕೆ ಸಮಿತಿ ಕೂತು ನನ್ನನ್ನು ಖಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ತೀರ್ಮಾನಿಸುತ್ತದೆ. ಸಮಿತಿಯವರು ಸಂಶೋಧನಾ ಪ್ರಬಂಧಗಳನ್ನು ಓದುವುದಿಲ್ಲ. ಅಂಗಡಿಯವನು ನಿಂಬೆಹಣ್ಣು ಎಣಿಸುವ ಹಾಗೆ ಎಣಿಸಿ ಪಕ್ಕಕ್ಕಿಡುತ್ತಾರೆ. ಕಂಪ್ಯೂಟರಿನಲ್ಲಿ ಜೀವಶಾಸ್ತ್ರ ಮಾಡುವ ನನ್ನಂಥವರಿಗೆ ಹದಿನೈದು ಬೇಕು. ಹದಿನೈದರಲ್ಲೂ ಮೊದಲ ಹೆಸರು ತನ್ನದೇ ಆಗಿರಬೇಕು, ಎರಡನೇ ಹೆಸರಿಗೆ ಲೆಕ್ಕವಿಲ್ಲ. ನನ್ನ ಬಳಿ ಸರಿಯಾಗಿ ಹದಿನೈದಿವೆ.

ಹದಿನೈದರಲ್ಲೂ ಕೊನೆಯ ಹೆಸರು ನಮ್ಮ ವಿಭಾಗದ ಮುಖ್ಯಸ್ಥರದು. ಅವರನ್ನು ಇಲ್ಲಿ ದೊಡ್ಡವರು ಎಂದು ಬರೆಯುತ್ತೇನೆ. ಯಾರಾದರೂ ಕಾರಿಡಾರಿನಲ್ಲಿ ಜೋರಾಗಿ ಯೋಚಿಸಿದರೂ ಸಾಕು, ಇವರ ಹೆಸರು ಹೋಗಿ ಕೊನೆಗೆ ಕೂರುತ್ತದೆ.

ಎರಡನೇ ಮಹಡಿಯ ಪಿಪೆಟ್ಟಮ್ಮನ ಗತಿ ನನಗಿಂತ ಕೆಟ್ಟದು. ಪಿಪೆಟ್ ಎಂದರೆ ಹನಿ ಅಳೆದು ಹಾಕುವ ಕೊಳವೆ. ಅದು ಆಕೆಯ ಕೈಬಿಟ್ಟಿದ್ದನ್ನು ನಾನು ನೋಡಿಲ್ಲ, ಅದಕ್ಕೇ ಈ ಹೆಸರು. ಆಕೆಯ ನೇಮಕವೂ ಜೂನ್‌ಗೇ ಮುಗಿಯುತ್ತದೆ, ಅದೇ ಸಮಿತಿ ಆಕೆಗಾಗಿ ಕೂರುವುದು ಏಪ್ರಿಲ್ 9ಕ್ಕೆ. ಕೈಯಿಂದ ಪ್ರಯೋಗ ಮಾಡುವವರಿಗೆ ಮೊದಲ ಹೆಸರಿನ ಒಂದೇ ಒಂದು ಪ್ರಬಂಧ ಸಾಕು. ಆ ಒಂದೂ ಇಲ್ಲ. ನನ್ನ ಅತಿ ಹೆಸರಾದ ಪ್ರಬಂಧವನ್ನು ಪ್ರಯೋಗದಿಂದ ಸಾಬೀತು ಮಾಡು ಎಂದು ದೊಡ್ಡವರು ಎರಡು ವರ್ಷದ ಹಿಂದೆ ಹೇಳಿದರು. ಇನ್ನೂ ಮಾಡುತ್ತಲೇ ಇದ್ದಾಳೆ.

ಮಾರ್ಚ್ 6, ಗುರುವಾರ

ವಾರದ ಸಭೆ. ಪಿಪೆಟ್ಟಮ್ಮ ಎದ್ದು ನಿಂತು, "ನೂರ ಹದಿನೇಳು ಈ ಸಲಾನೂ ಆಗ್ಲಿಲ್ಲ ಸರ್" ಎಂದಳು.

"ಎಷ್ಟನೇ ಸಲಮ್ಮಾ ಇದು?" ದೊಡ್ಡವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ನಲವತ್ಮೂರು."

"ಏನಪ್ಪಾ, ನಿನ್ನ ಲೆಕ್ಕ ಸರಿ ಇದೆ ತಾನೇ?"

"ಕಂಪ್ಯೂಟರ್‌ಗೆ ಕೈ ನಡುಗಲ್ಲ ಸರ್" ಎಂದೆ.

ಎಲ್ಲರೂ ನಕ್ಕರು. ನಾಚಿಕೆ ಸ್ವಭಾವದವನು ನಾನು, ಸಭೆಯಲ್ಲಿ ನನ್ನ ಮಾತಿಗೆ ಇಷ್ಟು ನಗು ಬಂದದ್ದು ಇದೇ ಮೊದಲು. ಪಿಪೆಟ್ಟಮ್ಮ ತನ್ನ ಬೆರಳುಗಳನ್ನೇ ನೋಡಿಕೊಂಡು ಕೂತಳು. ಹಾಸ್ಯಪ್ರಜ್ಞೆ ಇಲ್ಲ.

ಮಾರ್ಚ್ 11, ಮಂಗಳವಾರ

ಮಾವ ನಮ್ಮ ಜೊತೆಗೇ ಇದ್ದಾರೆ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಇವತ್ತು ಸಂಜೆ ನನ್ನನ್ನು ಹಿಡಿದು ಕೂರಿಸಿದರು.

"ಅಳಿಯಂದ್ರೇ, ನಿಮ್ಮ ಕೆಲ್ಸ ಏನು ಅಂತ ಪಕ್ಕದ ಮನೆಯೋರು ಕೇಳಿದ್ರು. ಕಂಪ್ಯೂಟರ್ ಮುಂದೆ ಕೂತು ಬೇಜಾರು ಮಾಡ್ಕೊಳ್ಳೋದು ಅಂದೆ. ಸರಿ ತಾನೇ?"

ಹೆಂಡತಿಯ ಹೊಲಿಗೆ ಡಬ್ಬಿಯಿಂದ ಒಂದು ದಾರ ತಂದು ವಿವರಿಸಿದೆ. ಆರ್‌ಎನ್‌ಎ ಅಂದರೆ ಇಂಥ ಒಂದು ಉದ್ದ ದಾರ. ಮಣಿ ಪೋಣಿಸಿದ ಹಾಗೆ ಅದರ ಉದ್ದಕ್ಕೂ ಅಕ್ಷರಗಳಿರುತ್ತವೆ. ದಾರ ತನ್ನ ಮೇಲೇ ಮಡಚಿಕೊಂಡು ಗಂಟಾಗುತ್ತದೆ. ಗಂಟು ಹೇಗೋ ಹಾಗೆ ಅದರ ಕೆಲಸ. ಒಂದು ವೈರಸ್ಸಿನ ದಾರದಲ್ಲಿ ಗಂಟನ್ನು ಬಿಗಿಯಾಗಿ ಹಿಡಿದಿರುವುದು ನೂರ ಹದಿನೇಳನೇ ಅಕ್ಷರ ಎಂದು ನನ್ನ ಪ್ರೋಗ್ರಾಂ ಕಂಡುಹಿಡಿದಿದೆ. ಅದೊಂದನ್ನು ಬದಲಾಯಿಸಿದರೆ ಗಂಟು ಬಿಚ್ಚಿಕೊಂಡು ವೈರಸ್ಸು ಕೈಲಾಗದೆ ಕೂರುತ್ತದೆ.

"ಬದಲಾಯಿಸಿ ಮತ್ತೆ, ಯಾಕೆ ಕಾಯ್ತಿದೀರಿ?"

"ಬದಲಾಯಿಸೋದು ನನ್ನ ಕೆಲ್ಸ ಅಲ್ಲ ಮಾವ, ಎರಡನೇ ಮಹಡಿಯೋರದು. ನಾನು ಯಾವುದು ಅಂತ ಹೇಳೋನು."

"ಓ. ಡ್ರೈವರ್ ಪಕ್ಕ ಕೂತು ದಾರಿ ಹೇಳೋರು. ಬಸ್ಸು ಹೊಂಡಕ್ಕೆ ಬಿದ್ರೆ ಮಾತ್ರ ಡ್ರೈವರ್ ಬೈಸ್ಕೊಳ್ತಾನೆ."

ವಿಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸುವುದು ಬಹಳ ಕಷ್ಟ.

ಮಾರ್ಚ್ 16, ಭಾನುವಾರ

ಸಮಿತಿಗೆ ತೋರಿಸಲು ದಾರದ ದೊಡ್ಡ ಚಿತ್ರ ಬರೆಯೋಣ ಎಂದುಕೊಂಡೆ. ಅಕ್ಷರಗಳನ್ನೆಲ್ಲ ದಪ್ಪಗೆ ಅಚ್ಚು ಹಾಕಿಸಿ ಊಟದ ಮೇಜಿನ ಮೇಲೆ ಹರಡಿ, ಗಂಟು ಹಿಡಿದಿದೆ ಎಂದು ಪ್ರೋಗ್ರಾಂ ಗುರುತು ಮಾಡಿದ್ದ ಅಕ್ಷರಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ಸುಮ್ಮನೆ ಮೊದಲಿಂದ ಅಲ್ಲಿವರೆಗೆ ಬೆರಳಿಟ್ಟು ಎಣಿಸಿದೆ. ನೂರ ಹದಿನೆಂಟು ಬಂತು. ಬೆರಳು ಜಾರಿತು ಎಂದುಕೊಂಡು ಪೆನ್ಸಿಲ್ ತೆಗೆದುಕೊಂಡೆ. ಪೆನ್ಸಿಲಿಗೂ ನೂರ ಹದಿನೆಂಟೇ.

ಹೆಂಡತಿಯನ್ನು ಕರೆದೆ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಬೆಣ್ಣೆ ಹಚ್ಚುವ ಚಾಕು ತಂದು, ಗುಳಿಗೆ ಎಣಿಸುವ ಹಾಗೆ ಐದೈದು ಅಕ್ಷರವನ್ನು ಚಾಕುವಿನ ತುದಿಯಲ್ಲಿ ಗುರುತು ಮಾಡುತ್ತಾ ಹೋದಳು.

"ನೂರ ಹದಿನೆಂಟು."

"ಇನ್ನೊಂದ್ಸಲ ಎಣಿಸು."

"ರೀ, ಹದಿಮೂರು ವರ್ಷದಿಂದ ಎಣಿಸ್ತಾ ಇದೀನಿ. ನೂರ ಹದಿನೆಂಟು ಅಂದ್ರೆ ನೂರ ಹದಿನೆಂಟು."

ಮಾರ್ಚ್ 17, ಸೋಮವಾರ

ಕೋಣೆಯ ಬಾಗಿಲು ಹಾಕಿಕೊಂಡು ಪ್ರೋಗ್ರಾಂ ಬಿಚ್ಚಿ ನೋಡಿದೆ. ಕಾರಣ ಹುಡುಕಲು ಒಂದು ನಿಮಿಷ ಸಾಕಾಯಿತು, ನಂಬಲು ಇಡೀ ದಿನ.

ಕಂಪ್ಯೂಟರ್ ಎಣಿಸುವುದು ಸೊನ್ನೆಯಿಂದ. ಮೊದಲ ಅಕ್ಷರಕ್ಕೆ ಅದು ಸೊನ್ನೆ ಎನ್ನುತ್ತದೆ, ಎರಡನೆಯದಕ್ಕೆ ಒಂದು. ಆದ್ದರಿಂದ ಅದರ ನೂರ ಹದಿನೇಳು ಮನುಷ್ಯರ ನೂರ ಹದಿನೆಂಟು. ಪ್ರಬಂಧಕ್ಕೆ ಹಾಕುವ ಮುಂಚೆ ಒಂದು ಕೂಡಿಸಿ ಬರೆಯಬೇಕು. ಹೊಸ ವಿದ್ಯಾರ್ಥಿಗಳಿಗೆ ನಾನು ಪ್ರತಿವರ್ಷ ಮೊದಲ ತರಗತಿಯಲ್ಲಿ ಹೇಳಿಕೊಡುವುದೇ ಇದನ್ನು. ನಾನು ಮಾತ್ರ ಕೂಡಿಸಿಲ್ಲ.

ಅಂದರೆ ಪಿಪೆಟ್ಟಮ್ಮ ಎರಡು ವರ್ಷದಿಂದ ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದಾಳೆ. ವಿಳಾಸ ಬರೆದುಕೊಟ್ಟವನು ನಾನು.

ಮಾರ್ಚ್ 18, ಮಂಗಳವಾರ

ತಲೆನೋವು. ವಿಶೇಷ ಏನೂ ಇಲ್ಲ.

ಮಾರ್ಚ್ 21, ಶುಕ್ರವಾರ

ಶಾಂತವಾಗಿ ಯೋಚಿಸಿದೆ. ಈಗಲೇ ಹೇಳಿದರೆ ತಪ್ಪಾದ ಪ್ರಬಂಧ ವಾಪಸ್ಸಾಗುತ್ತದೆ, ಹದಿನೈದು ಹದಿನಾಲ್ಕಾಗುತ್ತದೆ, ನಾನು ಮನೆಗೆ. ಏಪ್ರಿಲ್ 11 ದಾಟಿದ ಮೇಲೆ ಹೇಳಿದರೆ ವಿಜ್ಞಾನಕ್ಕೆ ಏನೂ ನಷ್ಟವಿಲ್ಲ. ವಿಜ್ಞಾನ ಸಾವಿರಾರು ವರ್ಷ ಕಾದಿದೆ, ಮೂರು ವಾರ ಕಾಯಲಾರದೇ? ಪಿಪೆಟ್ಟಮ್ಮನ ಸಮಿತಿ 9ಕ್ಕೆ ಇರುವುದು ನಿಜ. ಆದರೆ ಆ ತಾರೀಕು ಹಾಕಿದವನು ನಾನಲ್ಲ.

ಹೆಂಡತಿ ದಿನಾ ಒಂದೇ ಮಾತು ಕೇಳುತ್ತಾಳೆ. "ಹೇಳಿದ್ರಾ?"

"ಸಮಯ ನೋಡಿ ಹೇಳ್ತೀನಿ."

"ನಮ್ಮಂಗಡೀಲಿ ತಪ್ಪು ಗುಳಿಗೆ ಕೊಟ್ಟಿದ್ದು ಗೊತ್ತಾದ್ರೆ ಅವತ್ತೇ ಫೋನ್ ಮಾಡ್ತೀವಿ. ಅವರು ನುಂಗಿ ಮುಗಿಸ್ಲಿ, ಆಮೇಲೆ ಹೇಳೋಣ ಅಂತ ಕಾಯಲ್ಲ."

ಔಷಧಿ ಅಂಗಡಿ ಬೇರೆ, ಸಂಶೋಧನೆ ಬೇರೆ. ಇದು ಅವಳಿಗೆ ಅರ್ಥವಾಗುವುದಿಲ್ಲ.

ಮಾರ್ಚ್ 25, ಮಂಗಳವಾರ

ಹೇಳಿಬಿಡೋಣ ಎಂದು ಎರಡನೇ ಮಹಡಿಗೆ ಇಳಿದೆ. ಐದು ವರ್ಷದಲ್ಲಿ ಆ ಬಾಗಿಲವರೆಗೆ ಹೋದದ್ದು ಇದು ಮೂರನೇ ಸಲ ಇರಬೇಕು.

ಆಕೆ ಒಬ್ಬಳೇ ಇದ್ದಳು. ಪ್ರಯೋಗ ಮಾಡುತ್ತಿರಲಿಲ್ಲ. ಸಣ್ಣ ತಕ್ಕಡಿಯ ಮೇಲೆ ಒಂದು ಬಟ್ಟಲಿಟ್ಟುಕೊಂಡು, ಪಿಪೆಟ್ಟಿನಿಂದ ಬರೀ ನೀರು ಹಾಕುತ್ತಿದ್ದಳು. ಒಂದು ಹನಿ ಹಾಕುವುದು, ತೂಕ ನೋಡುವುದು, ಪುಸ್ತಕದಲ್ಲಿ ಬರೆಯುವುದು. ಮತ್ತೆ ಒಂದು ಹನಿ. ಹೊಸದಾಗಿ ಸೇರಿದವರಿಗೆ ಕೈ ಕೂರಲಿ ಎಂದು ಮೊದಲ ವಾರ ಮಾಡಿಸುವ ಅಭ್ಯಾಸ ಅದು. ಹದಿನಾಲ್ಕು ವರ್ಷ ಈ ಕೆಲಸ ಮಾಡಿದ ಹೆಂಗಸು ತನ್ನ ಕೈಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಪುಟ ತುಂಬಾ ಅಂಕಿಗಳು. ಬಾಗಿಲಿಂದಲೇ ಕಾಣುತ್ತಿತ್ತು, ಎಲ್ಲ ಅಂಕಿಯೂ ಒಂದೇ.

"ಏನ್ ಬೇಕಿತ್ತು ಸರ್?"

"ಸ್ಟೇಪ್ಲರ್ ಇದ್ಯಾ?" ಎಂದೆ.

ಕೊಟ್ಟಳು. ಈಗ ನನ್ನ ಮೇಜಿನ ಮೇಲೆ ಎರಡು ಸ್ಟೇಪ್ಲರ್ ಇವೆ.

ಮಾರ್ಚ್ 27, ಗುರುವಾರ

ದೊಡ್ಡವರಿಗೆ ಹೇಳಿದೆ. ಅವರು ಮೊದಲ ಸಲ ಕಣ್ಣು ತೆರೆದು ನನ್ನ ಮಾತು ಕೇಳಿದರು.

"ಆ ಪ್ರಬಂಧದಲ್ಲಿ ನನ್ನ ಹೆಸರು ಇದ್ಯಾ?"

"ಇದೆ ಸರ್. ಕೊನೇದು."

"ಅದೇ, ಯಾಕಿದೆ ಅಂತ ಕೇಳ್ತಿದೀನಿ. ಎಣಿಸಿದ್ದು ನೀನು. ನಾನು ಬರೀ ಮಾರ್ಗದರ್ಶನ ಮಾಡಿದ್ದು."

"ಹಾಗಾದ್ರೆ ಏನ್ಮಾಡ್ಲಿ ಸರ್?"

"11 ದಾಟೋವರೆಗೂ ಬಾಯಿಗೆ ಬೀಗ ಹಾಕ್ಕೋ. ಸತ್ಯ ಎಲ್ಲೂ ಓಡಿಹೋಗಲ್ಲ."

"ಮೇಡಂ ಸಮಿತಿ 9ಕ್ಕೆ ಇದೆಯಲ್ಲ ಸರ್."

"ಅವರಿಗೆ ಒಳ್ಳೆ ಶಿಫಾರಸು ಪತ್ರ ಕೊಟ್ಟು ಕಳಿಸೋಣ. ನಾನೇ ಬರೀತೀನಿ. ಅಂದ್ರೆ, ನೀನು ಬರಿ, ನಾನು ಸಹಿ ಹಾಕ್ತೀನಿ."

ಹತ್ತು ನಿಮಿಷಕ್ಕೆ ಅವರಿಂದ ಇಮೇಲ್ ಬಂತು. ಸದರಿ ಪ್ರಬಂಧಕ್ಕೂ, ಅದರಿಂದ ಮುಂದೆ ಹುಟ್ಟಬಹುದಾದ ಯಾವುದೇ ಪ್ರಬಂಧಕ್ಕೂ ತಮಗೂ ಸಂಬಂಧವಿಲ್ಲವಂತೆ. ಇಷ್ಟು ವರ್ಷದಲ್ಲಿ ಅವರು ಸ್ವಂತ ಕೈಯಲ್ಲಿ ಬರೆದ ಮೊದಲ ಬರಹ ಇದೇ ಇರಬೇಕು. ಚೆನ್ನಾಗಿ ಬರೆದಿದ್ದಾರೆ.

ಏಪ್ರಿಲ್ 2, ಬುಧವಾರ

ನಲವತ್ತಾರನೇ ಸಲವೂ ಆಗಿಲ್ಲವಂತೆ. ಕ್ಯಾಂಟೀನಿನಲ್ಲಿ ಯಾರೋ "ಮೇಡಂಗೆ ಕೈ ನಡುಗುತ್ತೆ" ಎಂದು ಹೇಳಿಕೊಂಡು ನಗುತ್ತಿದ್ದರು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಕಾಫಿ ಚೆನ್ನಾಗಿರಲಿಲ್ಲ.

ಏಪ್ರಿಲ್ 4, ಶುಕ್ರವಾರ

ಹೇಳಿದೆ.

ಸ್ಟೇಪ್ಲರ್ ವಾಪಸ್ ಕೊಡುವ ನೆಪದಲ್ಲಿ ಹೋದೆ. ಮೇಡಂ ಪೂರ್ತಿ ಕೇಳಿಸಿಕೊಂಡರು. ಕೈಗವಸು ಬಿಚ್ಚಿ, ಒಂದರ ಮೇಲೊಂದು ಇಟ್ಟು, ಸ್ಟೂಲಿನ ಮೇಲೆ ಕೂತರು. ಕಿರುಚುತ್ತಾರೆ ಎಂದು ಕಾದೆ. ಕಿರುಚಲಿಲ್ಲ.

"ನಿಮಗೆ ಗೊತ್ತಾಗಿದ್ದು ಯಾವತ್ತು?"

ಇವತ್ತು ಬೆಳಿಗ್ಗೆ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. "ಮಾರ್ಚ್ ಹದಿನಾರು" ಎಂದೆ.

"ಹತ್ತೊಂಬತ್ತು ದಿನ."

"ಹೂಂ."

"ಅಷ್ಟರಲ್ಲಿ ನಾನು ಇನ್ನೂ ಮೂರು ಸಲ ಮಾಡಿದೆ. ರಜೆ ಹಾಕಿ ಕಣ್ಣು ಪರೀಕ್ಷೆ ಮಾಡಿಸ್ಕೊಂಡು ಬಂದೆ. ನರದ ಡಾಕ್ಟರ್ ಹತ್ರಾನೂ ಹೋಗಿದ್ದೆ, ಕೈ ತೋರ್ಸೋಕೆ."

ಸ್ಟೇಪ್ಲರನ್ನು ಅವರ ಮೇಜಿನ ಮೇಲಿಟ್ಟೆ.

ಅವರು ಕಂಪ್ಯೂಟರ್ ತಿರುಗಿಸಿ ನೂರ ಹದಿನೆಂಟು ಬದಲಾದ ದಾರಕ್ಕೆ ಆರ್ಡರ್ ಹಾಕಿದರು. ಅದನ್ನು ಹೊರಗಿನ ಕಂಪನಿ ಮಾಡಿಕೊಡಬೇಕು, ಬರಲು ಏಳು ದಿನ. 11ಕ್ಕೆ ಬರುತ್ತದೆ. ಅವರ ಸಮಿತಿ 9ಕ್ಕೆ.

"ಮಾರ್ಚ್ ಹದಿನೇಳಕ್ಕೆ ಹೇಳಿದ್ದಿದ್ರೆ ಇಪ್ಪತ್ನಾಲ್ಕಕ್ಕೆ ಬಂದಿರ್ತಿತ್ತು. ಇಷ್ಟೊತ್ತಿಗೆ ಫಲಿತಾಂಶ ಕೈಯಲ್ಲಿರ್ತಿತ್ತು" ಎಂದರು. ಬೈಯುವ ದನಿಯಲ್ಲಿ ಅಲ್ಲ, ಲೆಕ್ಕ ಹೇಳುವ ದನಿಯಲ್ಲಿ. "ಬಾಗಿಲು ಹಾಕ್ಕೊಂಡು ಹೋಗಿ."

ಏಪ್ರಿಲ್ 9, ಬುಧವಾರ

ಅವರ ಸಮಿತಿಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಸಹಾಯಕಿ ಚಹಾ ತೆಗೆದುಕೊಂಡು ಹೋಗುವಾಗ ಬಾಗಿಲು ತೆರೆಯಿತು, ಅವಳ ಹಿಂದೆಯೇ ಒಳಗೆ ಹೋದೆ.

"ಇದು ಅಜೆಂಡಾದಲ್ಲಿ ಇಲ್ಲ" ಎಂದರು ಅಧ್ಯಕ್ಷರು.

"ತಪ್ಪು ನನ್ನದು. ಅವರ ಪ್ರಯೋಗ ನಲವತ್ತಾರು ಸಲವೂ ಸರಿಯಾಗೇ ಇತ್ತು" ಎಂದು ಹೇಳಿ ಅಕ್ಷರಗಳ ಹಾಳೆ ಹರಡಿದೆ. ಐದು ಜನ ಬಗ್ಗಿ ನೋಡಿದರು.

"ಎಷ್ಟು ವ್ಯತ್ಯಾಸ?" ಒಬ್ಬರು ಕೇಳಿದರು.

"ಒಂದು."

"ಒಂದೇನಾ? ಅಷ್ಟಕ್ಕೆ ಯಾಕ್ರೀ ಇಷ್ಟೊಂದು ಗಾಬರಿ?"

ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ನನ್ನ ಪ್ರಾಮಾಣಿಕತೆಯನ್ನು ಸಮಿತಿ ಮೆಚ್ಚಿತು, ಹಾಗೆಂದು ಬರೆದುಕೊಂಡಿತು. ಮೆಚ್ಚಿದ ಕೈಯಲ್ಲೇ ನನ್ನ ಹದಿನೈದನ್ನು ಹದಿನಾಲ್ಕು ಎಂದು ತಿದ್ದಿತು. ಮೇಡಂ ಅವರ ಸೊನ್ನೆ ಯಾರ ತಪ್ಪಿನಿಂದ ಬಂದಿದ್ದರೂ ಸೊನ್ನೆಯೇ ಎಂದಿತು. ಆದರೂ ಇಬ್ಬರ ತೀರ್ಮಾನವನ್ನೂ ಮೇ 16ಕ್ಕೆ ಮುಂದೂಡಿದರು. ಅಷ್ಟರಲ್ಲಿ ಸರಿಯಾದ ಅಕ್ಷರದ ಪ್ರಬಂಧ ಬರೆದು ಪತ್ರಿಕೆಗೆ ಕಳಿಸಿದ ರಸೀದಿ ತಂದರೆ ಸಾಕಂತೆ, ಒಂದು ಎಂದು ಎಣಿಸುತ್ತಾರೆ.

"ಯಾರಿಗೆ ಎಣಿಸ್ತೀರಿ ಸರ್?" ಮೇಡಂ ಕೇಳಿದರು.

"ಮೊದಲ ಹೆಸರು ಯಾರದೋ ಅವರಿಗೆ."

ಹೊರಗೆ ಬಂದ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಇಬ್ಬರಿಗೂ ಒಂದು ಬೇಕು. ಇರುವುದೇ ಒಂದು.

ಏಪ್ರಿಲ್ 16, ಬುಧವಾರ

ಮೂರು ದಿನದಿಂದ ಎರಡನೇ ಮಹಡಿಯಲ್ಲೇ ಇದ್ದೆ. ಮೇಡಂಗೆ ಸಹಾಯಕರಿಲ್ಲ, ಇದ್ದ ಹುಡುಗಿಯನ್ನು ದೊಡ್ಡವರು ಬೇರೆ ಕಡೆ ಹಾಕಿದ್ದಾರೆ. ನನಗೆ ಟ್ಯೂಬಿಗೆ ಚೀಟಿ ಅಂಟಿಸುವ, ಡಬ್ಬಿ ಎತ್ತಿಕೊಡುವ ಕೆಲಸ. ಮೊದಲ ದಿನವೇ ಎರಡು ಟ್ಯೂಬು ಬೀಳಿಸಿದೆ.

"ಕಂಪ್ಯೂಟರ್‌ಗೆ ಕೈ ನಡುಗಲ್ಲ, ಅಲ್ವಾ ಸರ್?" ಎಂದರು ಮೇಡಂ. ಹಾಸ್ಯಪ್ರಜ್ಞೆ ಇದೆ.

ಇವತ್ತು ನಾಲ್ಕು ಗಂಟೆಗೆ ಯಂತ್ರದ ಪರದೆಯ ಮೇಲೆ ಗೆರೆ ಶುರುವಾಯಿತು. ನಲವತ್ತಾರು ಸಲವೂ ಅದು ನೆಲದ ಮೇಲೆ ಮಲಗಿದ ಹಾಗೇ ಹೋಗಿತ್ತಂತೆ. ಈ ಸಲವೂ ಸ್ವಲ್ಪ ದೂರ ಹಾಗೇ ಹೋಯಿತು. ಆಮೇಲೆ ಎದ್ದಿತು. ನೇರ ಮೇಲೆ. ಗಂಟು ಬಿಚ್ಚಿಕೊಂಡಿತ್ತು.

ನಾನು ಕೂಗಿದೆ. ಮೇಡಂ ಕೂಗಲಿಲ್ಲ. ಎರಡೂ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು.

"ಕೈ ಸರಿ ಇದೆ" ಎಂದರು, ನನಗಲ್ಲ.

ಏಪ್ರಿಲ್ 21, ಸೋಮವಾರ

ದೊಡ್ಡವರು ಕೋಣೆಗೆ ಕರೆಸಿಕೊಂಡು ಬೆನ್ನು ತಟ್ಟಿದರು. ಗೆರೆ ಎದ್ದ ಸುದ್ದಿ ಅವರಿಗೂ ಮುಟ್ಟಿದೆ.

"ನೀನು ಮೊದಲಾ, ಅವರು ಮೊದಲಾ ಅಂತ ನಿಮ್ಮಿಬ್ಬರ ಮಧ್ಯೆ ಮನಸ್ತಾಪ ಬೇಡಪ್ಪಾ. ನನ್ನ ಹೆಸರೇ ಮೊದಲು ಹಾಕಿ. ಯಾರಿಗೂ ಬೇಜಾರಾಗಲ್ಲ."

"ನಿಮಗೆ ಸಂಬಂಧ ಇಲ್ಲ ಅಂತ ಇಮೇಲ್ ಕಳಿಸಿದೀರಲ್ಲ ಸರ್."

"ಅದು ತಪ್ಪಾದ ಪ್ರಬಂಧಕ್ಕೆ."

"ಅದರಿಂದ ಹುಟ್ಟೋದಕ್ಕೂ ಇಲ್ಲ ಅಂತ ಇದೆ ಸರ್. ತುಂಬಾ ಚೆನ್ನಾಗಿ ಬರೆದಿದೀರಿ."

ಅವರು ಮತ್ತೆ ಕಣ್ಣು ಮುಚ್ಚಿಕೊಂಡರು.

ಏಪ್ರಿಲ್ 22, ಮಂಗಳವಾರ

ಬೆಳಿಗ್ಗೆ ಪತ್ರಿಕೆಯ ಫಾರಂ ತುಂಬಿದೆ. ಹೆಸರುಗಳ ಜಾಗ ಬಂದಾಗ ಬಹಳ ಹೊತ್ತು ಹಿಡಿಯಬಹುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಮೇಡಂ ಫೋನ್ ಮಾಡಿ ಡಬ್ಬಿ ಎತ್ತಿಕೊಡಲು ಕರೆದರು. ಅವಸರದಲ್ಲಿ ಅವರದು ಮೊದಲು, ನನ್ನದು ಎರಡನೆಯದು ಬರೆದು ಸಹಿ ಹಾಕಿ ಕೆಳಗಿಳಿದೆ.

ಮಧ್ಯಾಹ್ನ ಮೇಡಂ ಫಾರಂ ಹಿಡಿದುಕೊಂಡು ಮೇಲೆ ಬಂದರು.

"ಇದೇನು, ಕರುಣೆನಾ?"

"ಇಲ್ಲ."

"ಪ್ರಾಯಶ್ಚಿತ್ತನಾ? ಅದೂ ಬೇಡ ನನಗೆ."

"ಯಾರು ಮಾಡಿದ್ದು ಪ್ರಯೋಗ?"

"ನಾನು."

"ಮತ್ತೆ ಇನ್ಯಾರ ಹೆಸರು ಹಾಕ್ಲಿ? ಟ್ಯೂಬು ಬೀಳಿಸಿದವನದಾ?"

ಅವರು ನಿಂತುಕೊಂಡೇ ಸಹಿ ಹಾಕಿದರು. ಬಾಗಿಲವರೆಗೆ ಹೋಗಿ ತಿರುಗಿದರು. "ಆ ಹತ್ತೊಂಬತ್ತು ದಿನ ನಾನು ಮರೆಯೋಳಲ್ಲ ಸರ್."

"ಮರೀಬೇಡಿ."

"ನಾಳೆ ಎಂಟಕ್ಕೆ ಬನ್ನಿ. ಅಕ್ಕಪಕ್ಕದ ಅಕ್ಷರಗಳನ್ನೂ ಒಂದೊಂದಾಗಿ ನೋಡ್ಬೇಕು."

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಜೂನ್ ಆದಮೇಲೆ ಏನು ಎಂದು ಅವಳು ಕೇಳಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಮಾವ ಮಾತ್ರ, "ಅಳಿಯಂದ್ರು ಈಗ ಬಸ್ಸಿಂದ ಇಳಿದು ತಳ್ತಾ ಇದಾರೆ ಅನ್ನಿ" ಎಂದರು. ಈ ಮನೆಯಲ್ಲಿ ಒಬ್ಬ ವಿಜ್ಞಾನಿಗೆ ಮರ್ಯಾದೆ ಇಲ್ಲ.

ಮೇ 16, ಶುಕ್ರವಾರ

ಮೇಡಂ ಅವರದು ಹತ್ತು ಗಂಟೆಗೆ ಇತ್ತು. ಹತ್ತೂವರೆಗೆ ವಾಪಸ್ ಬಂದರು. "ಖಾಯಂ ಆಯ್ತು" ಎಂದು ಹೇಳಿ ಕೈಗವಸು ಹಾಕಿಕೊಂಡು ಕೂತರು. ನಾನು "ಒಳ್ಳೇದಾಯ್ತು" ಎಂದೆ. ಆಮೇಲೆ ಇಬ್ಬರೂ ಕೆಲಸಕ್ಕೆ ಬಿದ್ದೆವು. ತೊಂಬತ್ತಾರು ಟ್ಯೂಬು. ಅವರು ಅಕ್ಷರದ ಸಂಖ್ಯೆ ಓದುವುದು, ನಾನು ತಿರುಗಿ ಗಟ್ಟಿಯಾಗಿ ಹೇಳಿ ಚೀಟಿ ಬರೆಯುವುದು. ಒಂದು ತಪ್ಪಿದರೆ ಹಿಂದಿನ ಹತ್ತನ್ನೂ ಮತ್ತೆ ನೋಡುವುದು.

ಒಂದೂವರೆಗೆ ದೊಡ್ಡವರ ಫೋನು.

"ಎಲ್ಲಿದೀಯಪ್ಪಾ? ಹನ್ನೊಂದಕ್ಕೆ ನಿನ್ನ ಹೆಸರು ಕೂಗಿದ್ರು, ನೀನೇ ಇಲ್ಲ!"

ಗೋಡೆ ನೋಡಿದೆ. ಗಡಿಯಾರ ಅಲ್ಲೇ ಇತ್ತು.

ನಾನಿಲ್ಲದೆಯೇ ತೀರ್ಮಾನ ಮಾಡಿದರಂತೆ. ಹದಿನಾಲ್ಕು ಎಂದು ಎಣಿಸಿದರು, ಪ್ರಾಮಾಣಿಕತೆಯನ್ನು ಮತ್ತೊಮ್ಮೆ ಮೆಚ್ಚಿದರು, ಜೂನ್ ಮೂವತ್ತು ಎಂದು ಬರೆದರು. ಒಟ್ಟು ನಾಲ್ಕು ನಿಮಿಷ. ನಾನು ಹೋಗಿದ್ದರೆ ಐದಾಗುತ್ತಿತ್ತು.

"ನನಗೂ ನೆನಪಾಗ್ಲಿಲ್ಲ" ಎಂದರು ಮೇಡಂ. ಮುಖ ನೋಡಿದರೆ ನಿಜವೇ ಅನಿಸಿತು.

ಸಂಜೆ ಹೆಂಡತಿ ನಂಬಲೇ ಇಲ್ಲ. "ಮೂರು ತಿಂಗಳು ಅದೇ ಜಪ ಮಾಡಿ, ಅದನ್ನೇ ಮರೆತ್ರಾ? ಅಂಥದ್ದೇನ್ರೀ ಮಾಡ್ತಿದ್ರಿ?"

"ಚೀಟಿ ಅಂಟಿಸ್ತಿದ್ದೆ."

"ಎಲ್ಲಾ ಅಂಟಿಸಿ ಆಯ್ತಾ?"

"ಎಂಬತ್ತಾಯ್ತು."

ಫೋನು ಬಂದದ್ದರಿಂದ ಹಾಗಾಯಿತು, ಇಲ್ಲದಿದ್ದರೆ ಇವತ್ತೇ ಮುಗಿಯುತ್ತಿತ್ತು. ಉಳಿದ ಹದಿನಾರನ್ನು ನಾಳೆ ಎಂಟಕ್ಕೆ ಹೋಗಿ ಅಂಟಿಸಬೇಕು. ಶನಿವಾರ ರಜೆ. ಆದರೂ ಒಬ್ಬನೇ ಅಂಟಿಸುವುದಿಲ್ಲ, ಮೇಡಂ ಬರುವ ತನಕ ಕಾಯುತ್ತೇನೆ. ಅವರು ಓದಬೇಕು, ನಾನು ಬರೆಯಬೇಕು.